ನಿಂಬೆವ್ವ ಹೋದ್ರ

ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಕಲ್ಯಾಣಕುಮಾರ ಮಾಲಕ. ಬೋರ್ಡಿನ ಮೇಲೆ ಫೋಟೋ ಸಮೇತ ಹಾಗಂತ ಬರೆಸಿದ್ದ. ಜನ ಬರುತ್ತಿದ್ದುದು ಮಾತ್ರ ಒಳಗೆ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುವ ಇಜೇರಿಯ ನಿಂಬೆವ್ವಳಿಗಾಗಿ. ಆಕೆಯ ಫೋಟೋಕ್ಕೆ ಬೋರ್ಡಿನಲ್ಲಿ ಜಾಗ ಉಳಿದಿರಲಿಲ್ಲ, ಪಾಪ.

ಒಂದು ದಿನ ವಿಮಾ ಏಜೆಂಟ ಪರಮೇಶ ಹೊಟ್ಟೆ ತುಂಬ ಉಂಡು ವಿಷಯಕ್ಕೆ ಬಂದ.

“ಅಣ್ಣಾರ, ಅಂಗಡಿಗಿ ಇನ್ಶೂರನ್ಸ್ ಅದ, ಗಾಡಿಗಿ ಅದ. ಈ ರೊಟ್ಟಿ ಬಡಿಯೋ ಕೈಗಿ? ಧಂದೆ ನಡಸೋ ಮುಖ್ಯ ಮನಷ್ಯಾರ ಮ್ಯಾಲ ಒಂದು ಪಾಲಿಸಿ ಬಂದದ್ರಿ. ನಾಳಿ ನಿಂಬೆವ್ವ ಹೋದ್ರ ರೊಕ್ಕಾ ನಿಮಗ ಬರ್ತದ.”

ಏಜೆಂಟರು ನಾಜೂಕು ಮಂದಿ. ಉಂಡ ಜಾಗದಲ್ಲಿ ಕೂತು ‘ಸತ್ತರೆ’ ಅನ್ನುವವರಲ್ಲ. ‘ಹೋದ್ರ’ ಅಂದ. ಕಲ್ಯಾಣಕುಮಾರನ ಕಿವಿಗೆ ‘ಕೆಲಸ ಬಿಟ್ಟು ಹೋದ್ರ’ ಅಂತಲೇ ಬಿತ್ತು. ಕಾಗದ ಓದಿ ಸಹಿ ಹಾಕುವ ಚಟ ಅವನಿಗೆ ಎಂದೂ ಇರಲಿಲ್ಲ.

ಪಾಲಿಸಿಗೆ ತಪಾಸಣೆ ಬೇಕೆಂದು ನಿಂಬೆವ್ವಳನ್ನು ದವಾಖಾನೆಗೆ ಕರೆದೊಯ್ದ. ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಮಾಲಕನ ಈ ಕಾಳಜಿ ಕಂಡು ಆಕೆ ಕರಗಿಹೋದಳು. ಆ ಧೈರ್ಯದಲ್ಲೇ ಮರುವಾರ ಕೇಳಿದಳು:

“ಸಾವಕಾರ್ರ, ಒಲಿ ಮ್ಯಾಲ ಒಂದು ಹೊಗಿ ಕೊಳವಿ ಹಾಕಸ್ರಿ. ಕಣ್ಣು ಉರಿತಾವ, ಕೆಮ್ಮು ಬಿಡವಲ್ದು.”

ಮೊದಲಾಗಿದ್ದರೆ ‘ನೋಡೋಣಂತ’ ಎಂದು ವರ್ಷ ತಳ್ಳುತ್ತಿದ್ದ. ಈಗ ಅವನ ಬೆನ್ನಿಗೆ ಪಾಲಿಸಿ ಇತ್ತು.

“ಇರೂದಾದ್ರ ಇರು ಬೇ, ಇಲ್ಲಾಂದ್ರ ಹೋಗು.”

ನಿಂಬೆವ್ವ ಅವನ ಮುಖವನ್ನೊಮ್ಮೆ ನೋಡಿದಳು. ಕೈಗಂಟಿದ ಹಿಟ್ಟು ತೊಳೆದುಕೊಂಡಳು. ಹೋದಳು.

ಎರಡು ದಿನ ಬಿಟ್ಟು, ಆಕೆ ತಿರುಗಿ ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ, ಕಲ್ಯಾಣಕುಮಾರ ಹುಮ್ಮಸ್ಸಿನಿಂದ ಫೋನು ಹಚ್ಚಿದ. “ಪರಮೇಶ, ನಿಂಬೆವ್ವ ಹೋದಳಪಾ.”

ಪರಮೇಶ ಹೂವಿನ ಹಾರ ಹಿಡಿದು ಓಡಿಬಂದ. “ಯಾವಾಗ್ರಿ? ಮಣ್ಣು ಎಲ್ಲಿ ಮಾಡ್ತಾರ?”

“ಮಣ್ಣೆಂಥಾದು? ಅಗಾ ನೋಡು, ರಸ್ತೆ ಆಚೀಗಿ ಶೆಡ್ಡಿಗಿ ತಗಡು ಹೊಡಸಾಕತ್ತಾಳ.”

ಪರಮೇಶ ತಲೆ ತುರಿಸಿಕೊಂಡ. “ಅಣ್ಣಾರ, ಹೋಗೂದಂದ್ರ ಸಾಯೂದ್ರಿ. ಅಕಿ ಸತ್ರ ಬರ್ತದ ರೊಕ್ಕಾ. ಡಾಕ್ಟರ್ ರಿಪೋರ್ಟ್ ನೋಡಿದ್ರ ಅದೇನು ಲಗೂನ ಆಗೋ ಕೆಲಸಲ್ಲ.” ತಂದ ಹಾರವನ್ನು ಗಲ್ಲಾದ ಮೇಲೆ, ಮಾಲಕನ ಎದುರಿಗೇ ಇಟ್ಟುಹೋದ.

ಆಮೇಲೆ ನಿಂಬೆವ್ವಳ ಜಾಗಕ್ಕೆ ಬಂದವರಲ್ಲಿ ಒಬ್ಬಳ ರೊಟ್ಟಿ ಹರಿಯುತ್ತಿತ್ತು, ಇನ್ನೊಬ್ಬಳದು ಹರಿಯುತ್ತಲೇ ಇರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗಿರಾಕಿಗಳೆಲ್ಲ ರಸ್ತೆ ದಾಟಿದರು. ಒಂದು ಮಧ್ಯಾಹ್ನ ಕಲ್ಯಾಣಕುಮಾರನೂ ದಾಟಿದ. ನಾಚಿಕೆಯಾಗಿತ್ತು, ಆದರೆ ಹಸಿವು ಅದಕ್ಕಿಂತ ಜಾಸ್ತಿ ಆಗಿತ್ತು.

ಶೆಡ್ಡಿನ ಒಲೆಯಿಂದ ಹೊಗೆ ಕೊಳವೆ ನೆಟ್ಟಗೆ ಮೇಲೆದ್ದಿತ್ತು. ನಿಂಬೆವ್ವ ಬಿಸಿ ರೊಟ್ಟಿ ಹಾಕಿ ಪುಂಡಿಪಲ್ಯ ಬಡಿಸಿದಳು. ಆಕೆ ಈಗ ಕೆಮ್ಮುತ್ತಿರಲಿಲ್ಲ.

“ವಾಪಸ್ ಬಾ ನಿಂಬೆವ್ವ,” ಎಂದ, ತಲೆ ಎತ್ತದೆ. “ಕೊಳವಿ ಹಾಕಸ್ತೇನಿ.”

“ಗಡಬಡಿ ಬ್ಯಾಡ್ರಿ ಸಾವಕಾರ್ರ. ಪರಮೇಶಪ್ಪ ಎಲ್ಲಾ ಹೇಳ್ಯಾನ. ನೀವು ಪಾಲಿಸಿ ಕಂತು ಒಂದು ತಪ್ಪಸಬ್ಯಾಡ್ರಿ. ನಾ ಖರೇನ ಹೋದ ಮ್ಯಾಲ ರೊಕ್ಕಾ ಬರ್ತದಲ್ರಿ, ಅದರಾಗ ಹಾಕಸ್ರಿ.”

ಇನ್ನೊಂದು ರೊಟ್ಟಿ ಹಾಕಿ ಒಲೆಯ ಕಡೆ ಹೋದಳು.