ಉಪ್ಪಿಗೆ ಸೋಪು ಎಂದವಳು

ಲಿಫ್ಟ್ ಕಂಪನಿಯ ದೂರು ವಿಭಾಗಕ್ಕೆ ಅವಳು ಮುಖ್ಯಸ್ಥೆಯಾಗಿ ಬಂದು ವರ್ಷ ತುಂಬುತ್ತ ಬಂದಿದ್ದರೂ, ಅವಳ ಜೊತೆ ಕೂತು ಒಂದು ಲೋಟ ಚಹಾ ಕುಡಿದವರು ಅಲ್ಲಿ ಯಾರೂ ಇರಲಿಲ್ಲ. ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡವರು ಫೋನು ಮಾಡಿ ಕೂಗಾಡುವ ವಿಭಾಗ ಅದು. ದಿನವಿಡೀ ಕಂಡವರ ಬೈಗುಳ ಕೇಳುವ ಜನಕ್ಕೆ ನಡುನಡುವೆ ನಗಲು ಏನಾದರೊಂದು ನೆಪ ಬೇಕಾಗುತ್ತಿತ್ತು. ಇವಳು ಒಳಗೆ ಕಾಲಿಟ್ಟರೆ ಆ ನಗುವೂ ಬಾಯಲ್ಲೇ ಆರಿಹೋಗುತ್ತಿತ್ತು. ಬಂದ ಹೊಸದರಲ್ಲಿ, ತಡವಾಗಿ ಬಂದವರನ್ನು ಎಲ್ಲರೆದುರು ನಿಲ್ಲಿಸಿ ಕಾರಣ ಕೇಳಿದ್ದಳು. ಅಂದಿನಿಂದ ಬೆನ್ನ ಹಿಂದೆ ಅವಳ ಹೆಸರು ಗಡಿಯಾರ. ಹಾಗೆ ಹೆಸರಿಟ್ಟವನು ಹಳೆಯ ಗುಮಾಸ್ತ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಗಡಿಯಾರ ಎಂಬ ಹೆಸರು ಅವಳ ಕಿವಿಗೂ ಬಿದ್ದಿತ್ತು. ಕೇಳಿಸದವಳಂತೆ ಇದ್ದಳು, ಆದರೆ ಮಧ್ಯಾಹ್ನ ಒಬ್ಬಳೇ ಬಿಚ್ಚಿದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಡುತ್ತಿದ್ದಳು.

ವರ್ಷದ ಕೊನೆಯ ಹಬ್ಬದ ರಜೆಗೆ ಮುಂಚೆ ಮೇಲಿನವರಿಂದ ಒಂದು ಅಪ್ಪಣೆ ಬಂತು. ಪ್ರತಿ ವಿಭಾಗದವರೂ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಒಂದು ದಿನ ಸೇರಿ ಅಡುಗೆ ಮಾಡಬೇಕು, ಒಟ್ಟಿಗೆ ಕೂತು ಉಣ್ಣಬೇಕು. ಯಾರಾದರೊಬ್ಬರ ಮನೆಯ ಹಿರಿಯರು ಬಂದು ತಮ್ಮ ಮನೆಯ ಹಬ್ಬದಡುಗೆ ಕಲಿಸಿಕೊಟ್ಟರೆ ಇನ್ನೂ ಚೆಂದ. ಇದರಿಂದ ಒಗ್ಗಟ್ಟು ಬೆಳೆಯುತ್ತದಂತೆ. ತಮ್ಮ ಮನೆಯವರನ್ನು ಕರೆತರುತ್ತೇನೆ ಎಂದು ಯಾರೂ ಮುಂದೆ ಬರಲಿಲ್ಲ. ಮೀಸೆ ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ. ಕೊನೆಗೆ ಅವಳೇ ತನ್ನ ಅಮ್ಮ ಬರುತ್ತಾಳೆ ಎಂದುಬಿಟ್ಟಳು.

ಅಮ್ಮ ಬಟ್ಟೆ ಹೊಲಿದು ಮಗಳನ್ನು ಓದಿಸಿದವಳು. ಹಿಂದಿನ ವರ್ಷ ಅವಳಿಗೆ ಸ್ಟ್ರೋಕ್ ಆಗಿತ್ತು. ಕೈಕಾಲು ಉಳಿದವು, ಬುದ್ಧಿ ಎಳ್ಳಷ್ಟೂ ಮಂಕಾಗಲಿಲ್ಲ, ಮಾತು ಮಾತ್ರ ಕೈಕೊಟ್ಟಿತು. ಮನಸ್ಸಿನಲ್ಲಿ ಒಂದಿದ್ದರೆ ಬಾಯಿಗೆ ಇನ್ನೊಂದು ಬರುತ್ತಿತ್ತು. ಉಪ್ಪಿಗೆ ಸೋಪು ಎನ್ನುವಳು, ಸೌಟಿಗೆ ಛತ್ರಿ. ಈರುಳ್ಳಿ ಹೇಗೋ ಇಲಿಮರಿಯಾಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಕೋಳಿಗೆ ಡಾಕ್ಟರು ಎನ್ನತೊಡಗಿದ್ದಳು. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಮಾತು ಹೀಗೆ ಹಳಿ ತಪ್ಪಿದಾಗ ಮೊದಲು ನಗುತ್ತಿದ್ದವಳು ಅಮ್ಮನೇ. ಮಗಳು ಸರಿಯಾದ ಪದ ಹೇಳಿಕೊಡುವಳು, ಅಮ್ಮ ಅದನ್ನು ಎರಡು ಸಲ ಅಂದುಕೊಳ್ಳುವಳು, ಅಲ್ಲಿಗೆ ಮುಗಿಯಿತು. ಮಾತಾಡುತ್ತಲೇ ಇರಬೇಕು, ಸುಮ್ಮನಾದರೆ ಇರುವ ಮಾತೂ ಹೋಗುತ್ತದೆ ಎಂದು ಮಾತು ಕಲಿಸುವ ಟೀಚರು ಹೇಳಿದ್ದರು.

ಆಫೀಸಿಗೆ ಬಂದು ಅಡುಗೆ ಕಲಿಸಬೇಕು ಎಂದಾಗ ಅಮ್ಮನ ಮುಖ ಅರಳಿತು, ಹಿಂದೆಯೇ ಬಾಡಿತು. ನಾಲಿಗೆ ತೋರಿಸಿ ಕೈಯಾಡಿಸಿದಳು. ಮಗಳು, ನಾನು ಪಕ್ಕದಲ್ಲೇ ಇರುತ್ತೇನಲ್ಲ, ನೀನು ತಪ್ಪಿದ ಕಡೆ ನಾನು ಹೇಳುತ್ತೇನೆ ಎಂದು ಧೈರ್ಯ ಕೊಟ್ಟಳು. ಆ ವಾರವೆಲ್ಲ ಅಮ್ಮ ಅಡುಗೆಮನೆಯಲ್ಲಿ ಒಂದೊಂದೇ ಸಾಮಾನು ಕೈಗೆತ್ತಿಕೊಂಡು ಉಪ್ಪು, ಉಪ್ಪು, ಸೌಟು, ಸೌಟು ಎಂದು ಮಕ್ಕಳು ಮಗ್ಗಿ ಬಾಯಿಪಾಠ ಮಾಡಿದ ಹಾಗೆ ಹೇಳಿಕೊಂಡಳು. ಉಳಿದಿದ್ದ ತುಂಡು ಬಟ್ಟೆಗಳನ್ನು ಜೋಡಿಸಿ ವಿಭಾಗದ ಎಲ್ಲರಿಗೂ ಒಂದೊಂದು ಏಪ್ರನ್ ಹೊಲಿದಳು.

ಆ ದಿನ ಕ್ಯಾಂಟೀನಿನ ಅಡುಗೆಮನೆಯಲ್ಲಿ ಎಲ್ಲರೂ ಶಾಲೆಯ ಮಕ್ಕಳಂತೆ ಗೋಡೆಗೆ ಒರಗಿ ನಿಂತಿದ್ದರು. ಅಮ್ಮ ಏಪ್ರನ್ ಹಂಚಿದಳು. ಹಬ್ಬಕ್ಕೆ ಅವರ ಮನೆಯಲ್ಲಿ ಮಾಡುತ್ತಿದ್ದದ್ದು ಕೋಳಿಸಾರು. ಕುದಿಯುವ ಸಾರಿಗೆ ಹಿಟ್ಟಿನ ಸಣ್ಣ ಉಂಡೆಗಳನ್ನು ಬಿಟ್ಟು ಬೇಯಿಸುವುದು. ಮೊದಲಿಗೆ ಎಲ್ಲ ಸರಿಯಾಗಿಯೇ ಸಾಗಿತು. ಅಮ್ಮ ಕೈಯಲ್ಲಿ ತೋರಿಸಿ, ಕಲಿತ ಪದಗಳನ್ನು ಜೋಪಾನವಾಗಿ ಒಂದೊಂದೇ ಹೊರಗೆ ಬಿಟ್ಟಳು. ಹಿಟ್ಟು ಕಲಸುವಾಗ ಯಾರೂ ಯಾರೊಡನೆಯೂ ಮಾತಾಡಲಿಲ್ಲ. ಒಗ್ಗಟ್ಟು ಬೆಳೆಯುವ ಲಕ್ಷಣವೇನೂ ಕಾಣಲಿಲ್ಲ.

ಆಮೇಲೆ ಅಮ್ಮ ಮೀಸೆಯ ಕಡೆ ತಿರುಗಿ, "ಇಲಿಮರಿ ಸಣ್ಣಗೆ ಹೆಚ್ಚಿ ಕೊಡಪ್ಪ" ಎಂದಳು.

ಮೀಸೆ ಚಾಕು ಹಿಡಿದುಕೊಂಡೇ ನಿಂತ. ಯಾರೋ ಮೂಗಿನಲ್ಲಿ ನಕ್ಕರು. ಅಮ್ಮ ತಪ್ಪು ಗೊತ್ತಾಗಿ ಮಗಳ ಮುಖ ನೋಡಿದಳು. ಈಗ ಹೇಳಿಕೊಡುವ ಸರದಿ ಮಗಳದು. ಈರುಳ್ಳಿ ಎಂದರೆ ಸಾಕಿತ್ತು.

"ಹೆಚ್ಚಿ ಮತ್ತೆ," ಎಂದಳು ಮಗಳು ಮೀಸೆಗೆ. "ಬಾಲ ಬಿಟ್ಟು ಹೆಚ್ಚಿ."

ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಗಡಿಯಾರದ ಬಾಯಲ್ಲಿ ತಮಾಷೆ! ಆಮೇಲೆ ಇಡೀ ಅಡುಗೆಮನೆ ಗೊಳ್ಳೆಂದಿತು. ಮೀಸೆ ನಗುತ್ತ ನಗುತ್ತ ಅವಳ ಭುಜದ ಪಕ್ಕದಲ್ಲೇ ಬಂದು ನಿಂತ. ವರ್ಷದಿಂದ ಯಾರೂ ಅವಳಿಗೆ ಅಷ್ಟು ಹತ್ತಿರ ನಿಂತಿರಲಿಲ್ಲ. ಚಳಿಯಲ್ಲಿ ಬಂದವಳಿಗೆ ಒಲೆ ಸಿಕ್ಕಿದಂತಾಯಿತು.

ಅಮ್ಮನೂ ನಕ್ಕಳು. ಮನೆಯ ನಗುವೇ ಇದು ಎಂದುಕೊಂಡಿದ್ದಳು.

ಮಗಳಿಗೆ ಅಮ್ಮನ ಯಾವ ಪದ ಎಲ್ಲಿ ಜಾರುತ್ತದೆ ಎಂಬುದು ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಸೌಟು ಎತ್ತಿ ಹಿಡಿದು, ಇದೇನಮ್ಮ ಎಂದು ಕೇಳಿದಳು. ಛತ್ರಿ ಬಂತು. ಪಾತ್ರೆಯೊಳಗೆ ಬೇಯುತ್ತಿರುವುದು ಯಾರು ಎಂದು ಕೇಳಿದಳು. "ಡಾಕ್ಟರು" ಎಂದಳು ಅಮ್ಮ, ಮತ್ತೆ ತಲೆ ಕೊಡವಿ ಸರಿ ಮಾಡಲು ಹೊರಟು, "ಡಾಕ್ಟರು ಬೆಂದಿದ್ದಾರೆ" ಎಂದಳು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೋಡೆಗೆ ಒರಗಿದ್ದವರೆಲ್ಲ ಒಲೆಯ ಸುತ್ತ ಬಂದಿದ್ದರು. ಒಬ್ಬರು ಇನ್ನೊಬ್ಬರ ಬೆನ್ನು ತಟ್ಟುತ್ತಿದ್ದರು. ಉಪ್ಪಿನ ಡಬ್ಬಿ ಹಿಡಿದು ಅಮ್ಮನ ಮುಂದೆ ಅಲ್ಲಾಡಿಸಿದವನು ಮೀಸೆ; ಕೇಳು ಎಂದು ಅವನಿಗೆ ಕಣ್ಣು ಮಿಟುಕಿಸಿದವಳು ಮಗಳು.

ಆ ಹೊತ್ತಿಗೆ ಅಮ್ಮ ನಗುವುದನ್ನು ನಿಲ್ಲಿಸಿದ್ದಳು.

ವಿಭಾಗದಲ್ಲಿ ಫೋನೆತ್ತುವ ಕೆಲಸದ, ವಯಸ್ಸಾದ ಒಬ್ಬ ಹೆಂಗಸಿದ್ದಳು. ಅವಳು ನಗದೆ ಮಗಳ ಹತ್ತಿರ ಬಂದು ಮೆಲ್ಲಗೆ, "ಮೇಡಂ, ಅಮ್ಮನಿಗೆ ಸ್ಟ್ರೋಕ್ ಏನಾದ್ರೂ ಆಗಿತ್ತಾ? ನಮ್ಮ ತಂದೆಯೋರೂ ಹೀಗೇ ಮಾತಾಡ್ತಿದ್ರು" ಎಂದಳು.

ಹೌದೆಂದರೆ ನಗು ಅಲ್ಲಿಗೇ ಸಾಯುತ್ತಿತ್ತು. ಎಲ್ಲರೂ ಅಯ್ಯೋ ಎನ್ನುತ್ತಿದ್ದರು, ಮತ್ತೆ ಗೋಡೆಗೆ ಹೋಗಿ ಒರಗುತ್ತಿದ್ದರು.

"ಛೆ, ಇಲ್ಲಪ್ಪ," ಎಂದಳು ಮಗಳು, ಎಲ್ಲರಿಗೂ ಕೇಳುವ ಹಾಗೆ. "ನಮ್ಮಮ್ಮ ಮೊದಲಿಂದಲೂ ಹೀಗೇ. ಸ್ವಲ್ಪ ಪೆದ್ದು."

ಒಲೆಯ ಮುಂದೆ ನಿಂತಿದ್ದ ಅಮ್ಮನಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಅವಳು ಬಗ್ಗಿ ಒಲೆಯ ಉರಿ ಸಣ್ಣದು ಮಾಡಿದಳು.

ಮಗಳಿಗೆ ಇನ್ನೂ ಒಂದು ಉಳಿದಿತ್ತು. ಆಯಾಸವಾದಾಗ ಅಮ್ಮ ಮಗಳನ್ನು ಅತ್ತೆ ಎಂದು ಕರೆಯುವುದಿತ್ತು. ತನ್ನನ್ನು ಬಾಳೆಲ್ಲ ಗೋಳುಹೊಯ್ದುಕೊಂಡಿದ್ದ ಆ ಮುದುಕಿಯ ಹೆಸರು ಮಗಳಿಗೆ ಯಾಕೆ ಅಂಟಿಕೊಂಡಿತೋ ಎಂದು ಅಮ್ಮ ಒಂದೊಂದು ಸಲ ಅತ್ತದ್ದೂ ಇತ್ತು. ಮಗಳು ಅಮ್ಮನ ಎರಡೂ ಭುಜ ಹಿಡಿದು ಜನರ ಕಡೆ ತಿರುಗಿಸಿದಳು.

"ನಾನು ಯಾರು ಅಂತ ಇವರಿಗೆಲ್ಲ ಹೇಳಮ್ಮ."

ಎಲ್ಲರೂ ಬಾಯಿ ಅರ್ಧ ತೆರೆದು ಕಾದರು. ಅಮ್ಮ ಮಗಳ ಮುಖವನ್ನು ನೋಡಿದಳು, ಅಳತೆ ತೆಗೆಯುವ ಮುಂಚೆ ಗಿರಾಕಿಯ ಮೈ ನೋಡುತ್ತಿದ್ದ ಹಾಗೆ, ನಿಧಾನವಾಗಿ, ಮೇಲಿನಿಂದ ಕೆಳಗೆ. ಆಮೇಲೆ ತುಟಿ ಮುಚ್ಚಿಕೊಂಡಳು. ಬಟ್ಟಲು ತೆಗೆದುಕೊಂಡು ಒಬ್ಬೊಬ್ಬರಿಗೂ ಸಾರು ಬಡಿಸಿದಳು. ಮೀಸೆಗೆ ಎರಡನೆಯ ಸಲವೂ ಬಡಿಸಿದಳು. ಇಂಥ ರುಚಿ ತಿಂದೇ ಇಲ್ಲ ಎಂದು ಎಲ್ಲರೂ ಬಟ್ಟಲು ಬಳಿದು ಉಂಡರು.

ಬಸ್ಸಿನಲ್ಲಿ ಮಗಳು ಹಕ್ಕಿಯ ಹಾಗೆ ಹಗುರವಾಗಿದ್ದಳು. ಎಲ್ಲರಿಗೂ ನೀನು ಎಷ್ಟು ಇಷ್ಟವಾದೆ ಗೊತ್ತಾ ಎಂದು ಹೇಳಿದ್ದನ್ನೇ ಹೇಳಿದಳು. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. ದಣಿದಿದ್ದಾಳೆ ಎಂದುಕೊಂಡಳು ಮಗಳು.

ರಜೆ ಮುಗಿದ ಮೇಲೆ ವಿಭಾಗ ಬೇರೆಯೇ ಆಗಿತ್ತು. ಮೀಸೆ ತಾನಾಗಿಯೇ ಅವಳ ಮೇಜಿಗೆ ಚಹಾ ತಂದಿಟ್ಟು, ಸೋಪು ಹಾಕಿಲ್ಲ ಮೇಡಂ ಎನ್ನುತ್ತಿದ್ದ. ಮಧ್ಯಾಹ್ನ ಎಲ್ಲರ ಡಬ್ಬಿಗಳ ನಡುವೆ ಅವಳದಕ್ಕೂ ಜಾಗ ಸಿಕ್ಕಿತು. ಮೇಲಿನವರು ಈ ವಿಭಾಗದ ಹೊಂದಾಣಿಕೆಯನ್ನು ಬೇರೆಯವರಿಗೆ ಉದಾಹರಣೆಯಾಗಿ ಕೊಟ್ಟರು. ಫೋನಿನ ಹೆಂಗಸು ಮಾತ್ರ ಆ ನಗುವಿಗೆ ಸೇರುತ್ತಿರಲಿಲ್ಲ. ಸುಮ್ಮನೆ ಒಮ್ಮೆ ಇವಳನ್ನು ನೋಡಿ ತನ್ನ ತುತ್ತಿಗೆ ಮರಳುವಳು. ಆ ನೋಟ ಮುಳ್ಳಿನಂತೆ ಚುಚ್ಚುತ್ತಿತ್ತು. ಒಂದು ದಿನ ಮುಖ್ಯಸ್ಥೆ ಆ ಹೆಂಗಸಿನ ಮೇಜನ್ನು ಮೂಲೆಯಲ್ಲಿ ಹಳೆಯ ಕಾಗದ ತುಂಬಿಡುವ ಕೋಣೆಯ ಪಕ್ಕಕ್ಕೆ ಹಾಕಿಸಿದಳು. ಊಟದ ಬಿಡುವನ್ನೂ ಬೇರೆ ಹೊತ್ತಿಗೆ ಬದಲಿಸಿದಳು.

ಮನೆಯಲ್ಲಿ ಅಮ್ಮ ಮಾತು ಬಿಟ್ಟಿದ್ದಳು. ಕೋಪದ ಲಕ್ಷಣವೇ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆ ಮಾಡುವಳು, ಮಗಳ ಅಂಗಿಯ ಗುಂಡಿ ಕಿತ್ತುಹೋಗಿದ್ದರೆ ಹಾಕಿಡುವಳು, ಬೇಕಾದ್ದನ್ನು ಬೆರಳಲ್ಲಿ ತೋರಿಸುವಳು. ಮಗಳು ಮೊದಮೊದಲು ಗಮನಿಸಲಿಲ್ಲ. ಗಮನಿಸಿದ ಮೇಲೆ ಹೆದರಿದಳು. ಇನ್ನೊಂದು ಸ್ಟ್ರೋಕ್ ಆಗಿದೆಯೇನೋ ಎಂದು ಆಸ್ಪತ್ರೆಗೆ ಕರೆದೊಯ್ದಳು. ಅಂಥದ್ದೇನೂ ಇಲ್ಲ ಎಂದರು. ಮಾತಿನ ಟೀಚರು ಅಮ್ಮನನ್ನು ಒಳಗೆ ಕರೆದುಕೊಂಡು ಹೋಗಿ, ಹೊರಗೆ ಬಂದು, ನನ್ನ ಹತ್ತಿರ ಮಾತಾಡುತ್ತಾರಲ್ಲ ಎಂದರು. ಮೊದಲಿಗಿಂತ ಚೆನ್ನಾಗಿಯೇ ಮಾತಾಡುತ್ತಿದ್ದಾರೆ, ಮನೆಯಲ್ಲಿ ಏನಾದರೂ ನಡೆಯಿತೇ ಎಂದೂ ಕೇಳಿದರು. ಏನೂ ನಡೆದಿಲ್ಲ ಎಂದಳು ಮಗಳು.

ಅಂದು ಸಂಜೆ ಅವಳು ಅಮ್ಮನ ಮುಂದೆ ನೆಲದ ಮೇಲೆ ಕೂತಳು. ತಮಾಷೆಗೆ ಮಾಡಿದ್ದು, ಅಲ್ಲಿ ಹೇಗಾದರೂ ಮಾಡಿ ಒಂದಾಗಬೇಕಿತ್ತು, ನಿನಗೇ ಗೊತ್ತಲ್ಲ ನನ್ನ ಕಷ್ಟ ಎಂದು ಏನೇನೋ ಹೇಳಿದಳು. ಅವರೆಲ್ಲ ನಕ್ಕರೆಂದು ನನ್ನ ಮೇಲೆ ಸಿಟ್ಟೇ ಎಂದು ಕೇಳಿದಳು.

ಅಮ್ಮ ಬಹಳ ಹೊತ್ತು ಬಾಯಲ್ಲೇ ಪದಗಳನ್ನು ಹುಡುಕಿದಳು. ಒಂದೂ ತಪ್ಪಬಾರದೆಂದು ಒಂದೊಂದನ್ನೂ ಎತ್ತಿ ನೋಡಿ ಇಟ್ಟಂತಿತ್ತು.

"ಅವರು ನಕ್ಕರು. ಪರವಾಗಿಲ್ಲ," ಎಂದಳು. "ನೀನು ಕಾಯ್ತಾ ಇದ್ದೆ. ನಾನು ತಪ್ಪಲಿ ಅಂತ."

ಅಷ್ಟೇ. ಮತ್ತೆ ಅವಳೊಡನೆ ಅಮ್ಮ ಮಾತಾಡಲಿಲ್ಲ.

ವಾರದೊಳಗೆ ಚಿಕ್ಕಮ್ಮ ಬಂದಳು. ಅಕ್ಕನನ್ನು ಸ್ವಲ್ಪ ದಿನ ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಹೊಲಿಗೆಯಂತ್ರವನ್ನೂ ಗಾಡಿಗೆ ಹಾಕಿಸಿದ್ದು ಕಂಡಾಗ, ಸ್ವಲ್ಪ ದಿನವೆಂದರೆ ಎಷ್ಟೆಂದು ಮಗಳಿಗೆ ಅರ್ಥವಾಯಿತು. ಅಮ್ಮ ಪಕ್ಕದ ಮನೆಯವರಿಗೆಲ್ಲ ತೊದಲುತ್ತ ಹೋಗಿಬರುತ್ತೇನೆ ಎಂದಳು. ಮಗಳ ತಲೆ ಸವರಿ, ಗಾಡಿ ಹತ್ತಿದಳು.

ದಿನವೂ ಮಗಳು ಫೋನು ಮಾಡುತ್ತಾಳೆ. ಚಿಕ್ಕಮ್ಮನೇ ಎತ್ತುತ್ತಾಳೆ. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಅಕ್ಕ ಅಂಗಡಿಗೆ ಹೋಗಿದ್ದಾಳೆ ಎನ್ನುತ್ತಾಳೆ. ಮೊನ್ನೆ, "ಅಕ್ಕ ಮಲಗಿದಾಳೆ ಕಣೇ" ಎನ್ನುತ್ತಿರುವಾಗಲೇ ಹಿಂದಿನಿಂದ ಅಮ್ಮನ ದನಿ ಜೋರಾಗಿ ಕೇಳಿತು.

"ಬೇಗ ಬಾರೇ, ಕಿಟಕಿ ಉಕ್ತಾ ಇದೆ."

"ಕಿಟಕಿ ಅಲ್ಲ ಕಣೇ ಅಕ್ಕ, ಹಾಲು," ಎಂದಳು ಚಿಕ್ಕಮ್ಮ. ಇಬ್ಬರೂ ನಗತೊಡಗಿದರು. ಚಿಕ್ಕಮ್ಮ ಫೋನನ್ನು ಹಾಗೇ ಎಲ್ಲೋ ಇಟ್ಟು ಒಲೆಯ ಕಡೆ ಓಡಿದಳು. ಮಗಳು ಆಫೀಸಿನ ಮೆಟ್ಟಿಲ ಬಳಿ ನಿಂತಿದ್ದಳು. ಒಳಗಿನಿಂದ ಮೀಸೆ ಊಟಕ್ಕೆ ಬನ್ನಿ ಮೇಡಂ ಎಂದು ಕರೆಯುತ್ತಿದ್ದ. ಆ ಕಡೆಯಿಂದ ಯಾರೋ ಬಂದು ಫೋನು ಇಡುವವರೆಗೂ ಅವಳು ಅದನ್ನು ಕಿವಿಗೆ ಒತ್ತಿಕೊಂಡೇ ಇದ್ದಳು.