ಬಚ್ಚಲಿನ ಜೋಗುಳ

ಕಂಡಕ್ಟರಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆ ಅಪಾರ್ಟ್‌ಮೆಂಟಿನ ನಾಲ್ಕೂ ಮಹಡಿಯವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಬೆಳಗ್ಗೆ ಐದಕ್ಕೆಲ್ಲ ಡಿಪೋದಲ್ಲಿ ಹಾಜರಾಗಿ, ಮಧ್ಯಾಹ್ನ ಎರಡರವರೆಗೆ ತುಂಬಿದ ಬಸ್ಸಿನಲ್ಲಿ ನಿಂತು ಗಂಟಲು ಹರಿದುಕೊಂಡು, ಮೂರನೇ ಮಹಡಿ ಹತ್ತಿ ಬಂದರೆ ಸ್ವಂತ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಎಂದರೆ ಯಾರಿಗೆ ತಾನೇ ಉರಿಯುವುದಿಲ್ಲ?

ಹಾಲಿನ ತುಂಬ ಗಂಡನ ಸಾಮ್ರಾಜ್ಯ. ಗಂಡನಿಗೆ ಅವಳು ಇಟ್ಟಿದ್ದ ಹೆಸರು ‘ಐದು ನಿಮಿಷ’. ಕೊರಿಯರ್ ಕಚೇರಿಯಲ್ಲಿ ಅವನದು ಸಂಜೆಯ ಪಾಳಿ, ಹಗಲೆಲ್ಲ ಬಿಡುವು. ಆ ಬಿಡುವಿನಲ್ಲಿ ಅವನು ಫೋನನ್ನು ಡಬ್ಬದ ಮೇಲೆ ನಿಲ್ಲಿಸಿಕೊಂಡು ವಿಡಿಯೋ ಮಾಡುತ್ತಿದ್ದ. ಚಿಕ್ಕ ಮನೆಯವರಿಗೆ ಸುಲಭದ ಕೈಕೆಲಸ, ಜೊತೆಗೆ ಸುಲಭದ ತಿಂಡಿ. ಪ್ರತಿ ವಿಡಿಯೋ ಶುರುವಾಗುತ್ತಿದ್ದುದು ‘ಐದೇ ನಿಮಿಷ ಸಾಕು’ ಎಂಬ ಮಾತಿನಿಂದ. ಖಾಲಿ ಬಾಟಲಿಯಿಂದ ದೀಪ. ರಟ್ಟಿನ ಡಬ್ಬದಿಂದ ಚಪ್ಪಲಿ ಗೂಡು. ಅದು ಮೂರನೇ ಜೊತೆ ಇಡುವಷ್ಟರಲ್ಲಿ ಸೊಂಟ ಮುರಿದುಕೊಂಡು ಕೂತಿತು. ಅವಳ ಹಳೇ ಯೂನಿಫಾರ್ಮ್ ಷರ್ಟಿನಿಂದ ದಿಂಬು, ಗುಂಡಿಗಳ ಸಮೇತ. ಅದರ ಮೇಲೆ ಮಲಗಿದರೆ ಕೆನ್ನೆಯ ಮೇಲೆ ಗುಂಡಿಯ ಗುರುತು ಮೂಡುತ್ತಿತ್ತು. ತಿಂಡಿ ಎಂದರೆ ಕಪ್ಪಿನಲ್ಲೇ ಬೇಯುವ ಕೇಕು, ಇಲ್ಲವೇ ಬಿಸ್ಕತ್ತು ಪುಡಿಮಾಡಿ ಕೆನೆಯಲ್ಲಿ ಕಲಸಿದ ಏನೋ ಒಂದು. ಅದನ್ನು ತಿಂದು ‘ಆಹಾ’ ಎನ್ನುವ ಕೆಲಸ ಅವನ ತಾಯಿಯದು.

ಇಷ್ಟೆಲ್ಲ ಮಾಡುವ ಮಹಾನುಭಾವನಿಗೆ ಒಂದು ಚಿಲಕ ಹಾಕಲು ಪುರುಸೊತ್ತಿರಲಿಲ್ಲ.

ಹಾಲಿಗೆ ಬಾಗಿಲು ತೆರೆಯುವ ಬಚ್ಚಲಿನ ಚಿಲಕ ಅದು. ಚಿಲಕದ ಸರಳು ಬಾಗಿಲಿನಲ್ಲಿ ನೆಟ್ಟಗೇ ಇತ್ತು. ಅದು ಹೋಗಿ ಕೂರುವ ಕೊಂಡಿ ಮಾತ್ರ ಚೌಕಟ್ಟಿನಿಂದ ಕಿತ್ತು ಬಂದಿತ್ತು. ಸ್ಕ್ರೂ ತೂತುಗಳು ಸವೆದು ದೊಡ್ಡದಾಗಿ, ಸ್ಕ್ರೂ ಕೂರಿಸಿದರೆ ಹಾಗೇ ಜಾರಿ ಕೆಳಗೆ ಬೀಳುತ್ತಿತ್ತು. ಅತ್ತೆ ತಮ್ಮ ಮಗಳ ಮನೆ ಬಿಟ್ಟು ಇವರಲ್ಲಿಗೆ ಇರಲು ಬಂದ ವಾರದಲ್ಲೇ ಆದದ್ದು. ನಾಲ್ಕು ತಿಂಗಳಾಯಿತು. ಅವಳು ಹೇಳಿದಾಗಲೆಲ್ಲ ಗಂಡ, ಅದೇನು ಮಹಾ, ಐದು ನಿಮಿಷದ ಕೆಲಸ ಎನ್ನುತ್ತಿದ್ದ. ಕೊಂಡಿ, ಎರಡು ಸ್ಕ್ರೂ ಕಿಟಕಿಯ ಕಟ್ಟೆಯ ಮೇಲೆ ಬಾಟಲಿ ದೀಪದ ಪಕ್ಕದಲ್ಲಿ ಧೂಳು ತಿನ್ನುತ್ತಿದ್ದವು. ಬರಬರುತ್ತಾ ಅವಳೂ ಹೇಳುವುದನ್ನು ಬಿಟ್ಟಳು. ನಿಜ ಹೇಳಬೇಕೆಂದರೆ ಅದು ಅವಳ ಬಚ್ಚಲಲ್ಲ. ಗಂಡ ಹೆಂಡತಿಗೆ ಮಲಗುವ ಕೋಣೆಗೇ ಅಂಟಿಕೊಂಡ ಸಣ್ಣದೊಂದು ಬಚ್ಚಲಿತ್ತು. ಹಾಲಿನದು ಅತ್ತೆಯದು. ಮಗ ಸೊಸೆಯ ಕೋಣೆಗೆ ಅತ್ತೆ ಕಾಲಿಡುತ್ತಿರಲಿಲ್ಲ, ಕರೆದರೂ ಹೊಸ್ತಿಲಲ್ಲೇ ನಿಲ್ಲುತ್ತಿದ್ದರು. ಬಾಗಿಲ ಹಿಂದೆ ಬಕೆಟ್ ಇಟ್ಟುಕೊಳ್ಳುತ್ತಾರೆ ಎಂದುಕೊಂಡು ಅವಳು ಸುಮ್ಮನಾಗಿದ್ದಳು.

ಅತ್ತೆಯ ಮೇಲೆ ಅವಳಿಗಿದ್ದ ಸಿಟ್ಟು ಬೇರೆಯದೇ. ಆ ಸಿಟ್ಟಿಗೆ ಕಾರಣ ಒಂದು ಹಾಡು.

ಅತ್ತೆ ಬಚ್ಚಲಿಗೆ ಹೋದರೆಂದರೆ ಹಾಡು ಶುರು. ಅದೂ ಸಣ್ಣ ದನಿಯಲ್ಲಲ್ಲ, ಪಕ್ಕದ ಮನೆಗೂ ಕೇಳಬೇಕು ಹಾಗೆ. ದಿನಕ್ಕೆ ನಾಲ್ಕು ಸಲವೋ ಐದು ಸಲವೋ, ಪ್ರತಿ ಸಲವೂ ಅದೇ ಹಾಡು, ಶ್ರುತಿಯಿಲ್ಲ, ತಾಳವಿಲ್ಲ. ಬೇರೆ ಯಾವುದಾದರೂ ಆಗಿದ್ದರೆ ಅವಳು ಸಹಿಸುತ್ತಿದ್ದಳೇನೋ. ಅದು ಜೋಗುಳ. ಮದುವೆಯಾಗಿ ಹತ್ತು ವರ್ಷವಾಗಿ, ಆಸ್ಪತ್ರೆಗಳನ್ನೆಲ್ಲ ಸುತ್ತಿ, ಕೊನೆಗೆ ಆ ಮಾತನ್ನೇ ಮನೆಯಲ್ಲಿ ಎತ್ತುವುದು ಬೇಡ ಎಂದು ಗಂಡನಿಂದ ಮಾತು ತೆಗೆದುಕೊಂಡವಳು ಅವಳು. ದುಡಿದು ಬಂದು ಮಧ್ಯಾಹ್ನ ಕಣ್ಣು ಮುಚ್ಚಿದರೆ ಗೋಡೆಯಾಚೆಯಿಂದ ಮಗುವಿಲ್ಲದ ಮನೆಯಲ್ಲಿ ಮಗು ಮಲಗಿಸುವ ಹಾಡು. ಇದು ಚುಚ್ಚು ಮಾತಲ್ಲದೆ ಇನ್ನೇನು ಎಂದು ಅವಳು ತೀರ್ಮಾನ ಮಾಡಿಬಿಟ್ಟಳು. ಮುಖ ನೋಡಿದರೆ ಹಾಲು ಕುಡಿದ ಮಗು, ಹೊಟ್ಟೆಯೊಳಗೆ ನೋಡಿ ಎಂಥ ವಿಷ ಎಂದು ಹಲ್ಲು ಕಚ್ಚುತ್ತಿದ್ದಳು.

ವಾರದ ರಜೆಯ ಒಂದು ದಿನ ಕಟ್ಟೆ ಒಡೆಯಿತು. ಅತ್ತೆ ಬಚ್ಚಲಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಅವಳು ದಾರಿಗೆ ಅಡ್ಡ ನಿಂತಳು.

“ಅತ್ತೆ, ನಂಗೆ ಮಕ್ಕಳಾಗಲಿಲ್ಲ ಅನ್ನೋದು ನಂಗೆ ಗೊತ್ತು. ದಿನಕ್ಕೆ ಐದು ಸಲ ಹಾಡಿ ಹೇಳಬೇಕಾಗಿಲ್ಲ. ಇನ್ನೊಂದು ಸಲ ಆ ಹಾಡು ಕಿವಿಗೆ ಬಿದ್ರೆ ನಾನು ಈ ಮನೇಲಿ ಇರೋದಿಲ್ಲ.”

ಅತ್ತೆಯ ಬಾಯಿ ಅರ್ಧ ತೆರೆಯಿತು, ಹಾಗೇ ಮುಚ್ಚಿತು. “ಆಯ್ತಮ್ಮ” ಎಂದರು. ಅಷ್ಟೇ.

ಅಂದಿನಿಂದ ಮನೆ ಗಪ್‌ಚುಪ್. ಅವಳು ಮಧ್ಯಾಹ್ನ ಕಣ್ತುಂಬ ನಿದ್ದೆ ಮಾಡಿದಳು. ಗೆದ್ದೆ ಎಂದುಕೊಂಡಳು. ಅತ್ತೆ ಚಹಾ ಬೇಡ ಎನ್ನತೊಡಗಿದ್ದು, ಊಟದ ಜೊತೆ ಇಟ್ಟ ಲೋಟದ ನೀರು ಇಟ್ಟ ಹಾಗೇ ಇರುತ್ತಿದ್ದುದು, ದಿನಕ್ಕೆ ಎರಡು ಮೂರು ಸಲ ‘ಸ್ವಲ್ಪ ಮಾತಾಡಿಸಿಕೊಂಡು ಬರ್ತೀನಿ’ ಎಂದು ಮೊದಲ ಮಹಡಿಯ ನರ್ಸಮ್ಮನ ಮನೆಗೆ ಇಳಿಯುತ್ತಿದ್ದುದು ಎಲ್ಲವೂ ಕಣ್ಣಿಗೆ ಬಿದ್ದಿತ್ತು. ಮುನಿಸು, ಇನ್ನೇನು, ನನ್ನ ಮೇಲೆ ಚಾಡಿ ಹೇಳಲು ಹೋಗುತ್ತಾರೆ ಎಂದು ಅದಕ್ಕೂ ಸಿಟ್ಟು ಮಾಡಿಕೊಂಡಳು.

ಎರಡು ವಾರ ಕಳೆದಿರಬೇಕು. ಪಾಳಿ ಮುಗಿಸಿ ಮೆಟ್ಟಿಲು ಹತ್ತುತ್ತಿದ್ದವಳನ್ನು ನರ್ಸಮ್ಮ ಬಾಗಿಲಲ್ಲೇ ತಡೆದು ಒಳಗೆ ಕರೆದಳು. ಸೋಫಾದ ಮೇಲೆ ಅತ್ತೆ ಮಲಗಿದ್ದರು. ಮುಖ ಬಾಡಿಹೋಗಿತ್ತು, ತುಟಿ ಒಡೆದಿತ್ತು, ಮೈ ಕೆಂಡದ ಹಾಗೆ ಸುಡುತ್ತಿತ್ತು. ಬೆಳಗ್ಗೆ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತಿದ್ದರಂತೆ. ನರ್ಸಮ್ಮ ಆಟೋದಲ್ಲಿ ಡಾಕ್ಟರ ಹತ್ತಿರ ಕರೆದೊಯ್ದು, ಮಾತ್ರೆ ಕೊಡಿಸಿ, ಈಗಷ್ಟೇ ವಾಪಸು ತಂದಿದ್ದಳು. ಮೂತ್ರದ ಸೋಂಕು, ನೀರು ಕುಡಿಯದೆ, ತಡೆದು ತಡೆದು ಬಂದದ್ದು. ಮೇಲೆ ಹೋಗಿ ಮಗನನ್ನು ಕರೆಯುತ್ತೇನೆಂದರೆ ಅತ್ತೆ ಅವಳ ಕೈ ಹಿಡಿದು, ಬೇಡ, ಅವನು ಕೆಲಸದಲ್ಲಿದ್ದಾನೆ ಎಂದರಂತೆ.

“ಇಷ್ಟು ದಿನ ನಮ್ಮನೆ ಬಚ್ಚಲಿಗೆ ಬರ್ತಿದ್ರು. ನಂಗೆ ನಾಲ್ಕು ದಿನ ಹಗಲು ಡ್ಯೂಟಿ, ಮನೆಗೆ ಬೀಗ, ಇವತ್ತೇ ರಜೆ,” ಎಂದಳು ನರ್ಸಮ್ಮ. “ನಾಲ್ಕು ದಿನದಿಂದ ಇವರು ಸರಿಯಾಗಿ ನೀರೇ ಮುಟ್ಟಿಲ್ಲ. ನಿಮ್ಮನೇಲಿ ಬಚ್ಚಲಿಲ್ವಾ?”

 ಕಂಡಕ್ಟರಮ್ಮ ಸೋಫಾದ ಪಕ್ಕ ನೆಲದ ಮೇಲೆ ಕೂತಳು. ಯಾಕೆ ಅತ್ತೆ ಎಂದು ಕೇಳಿದಳು. ಅತ್ತೆ ಮೊದಲು ಏನಿಲ್ಲ ಏನಿಲ್ಲ ಎಂದರು. ಬಿಡದೆ ಕೇಳಿದ ಮೇಲೆ ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಮೆಲ್ಲಗೆ ಹೇಳಿದರು. ಆ ಬಾಗಿಲು ನಿಲ್ಲುವುದಿಲ್ಲ. ಮುಚ್ಚಿದರೂ ತಾನಾಗಿ ತೆರೆದುಕೊಳ್ಳುತ್ತದೆ. ಬಕೆಟ್ ಇಟ್ಟರೆ ಒದ್ದೆ ನೆಲದ ಮೇಲೆ ಜಾರುತ್ತದೆ. ಬಂದ ಹೊಸತರಲ್ಲಿ ಒಂದು ಸಲ ಬಾಗಿಲು ತೆರೆದುಕೊಂಡಾಗ ಗ್ಯಾಸ್ ಸಿಲಿಂಡರ್ ತಂದವನು ಹಾಲಿನಲ್ಲಿ ನಿಂತಿದ್ದ. ಅವನು ಪಾಪ ಮುಖ ತಿರುಗಿಸಿಕೊಂಡ. ಆದರೂ ಅವತ್ತು ಸತ್ತುಹೋಗಬೇಕು ಅನ್ನಿಸಿತ್ತು.

“ಒಳಗೆ ಯಾರೋ ಇದ್ದಾರೆ ಅಂತ ಹೊರಗಿನವ್ರಿಗೆ ಗೊತ್ತಾಗ್ಲಿ ಅಂತ ಹಾಡ್ತಿದ್ದೆ ಕಣಮ್ಮ. ನಿನ್ನ ನೋಯಿಸೋಕಲ್ಲ. ನಂಗೆ ಹಾಡೋಕೆ ಎಲ್ಲಿ ಬರುತ್ತೆ? ನಿನ್ನ ಗಂಡ ಚಿಕ್ಕೋನಿದ್ದಾಗ ರಾತ್ರಿಯೆಲ್ಲ ಅಳ್ತಿದ್ದ. ಅವನನ್ನ ಮಲಗಿಸೋಕೆ ಅಂತ ಕಲಿತಿದ್ದು ಅದೊಂದೇ ಹಾಡು.”

ಕಂಡಕ್ಟರಮ್ಮ ದಿನಕ್ಕೆ ಸಾವಿರ ಜನರ ಮುಖ ನೋಡುವವಳು, ಯಾರು ಪಾಸು ಮರೆತವರು, ಯಾರು ಕಳ್ಳರು ಎಂದು ಕಣ್ಣಲ್ಲೇ ಅಳೆಯುವವಳು. ಮನೆಯೊಳಗಿನ ಒಂದು ಮುದಿ ಜೀವ ಬಾಗಿಲಿಗೆ ಚಿಲಕವಿಲ್ಲದೆ ಹಾಡನ್ನೇ ಚಿಲಕ ಮಾಡಿಕೊಂಡಿತ್ತು, ಅದನ್ನೂ ಇವಳು ಕಿತ್ತು ಹಾಕಿದ್ದಳು. ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಅತ್ತೆಯ ಕಾಲು ಹಿಡಿದುಕೊಂಡು ತಪ್ಪಾಯಿತು ಎಂದಳು. ಆಮೇಲೆ ಎದ್ದು, ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಹೋದಳು.

ಗಂಡ ‘ಐದು ನಿಮಿಷ’ ಹಾಲಿನ ನೆಲದ ಮೇಲೆ ಕೂತು ಕಪ್ಪಿನೊಳಗೆ ಹಿಟ್ಟು ಕದಡುತ್ತಿದ್ದ. ಫೋನು ಡಬ್ಬದ ಮೇಲೆ ನಿಂತಿತ್ತು. ಅವಳನ್ನು ನೋಡಿ ಸುಮ್ಮನಿರು ಎಂದು ಸನ್ನೆ ಮಾಡಿದ. ಅವಳು ಫೋನನ್ನು ಎತ್ತಿ ಮಕಾಡೆ ಮಲಗಿಸಿದಳು. ಅವನ ರಟ್ಟೆ ಹಿಡಿದು ಎಬ್ಬಿಸಿ, ಬಚ್ಚಲಿನೊಳಗೆ ದೂಡಿ ಬಾಗಿಲು ಎಳೆದಳು. ಮನೆಯ ಮುಂಬಾಗಿಲನ್ನು ಹಾರುಹೊಡೆದು ತೆರೆದಿಟ್ಟಳು.

“ಕೂತ್ಕೊಳ್ಳಿ ಒಳಗೆ. ನಾನು ಹೇಳೋವರೆಗೂ ಏಳಬೇಡಿ.”

ಬಚ್ಚಲಿನ ಬಾಗಿಲು ಕಿರ್ ಎಂದು ನಿಧಾನಕ್ಕೆ ತೆರೆದುಕೊಂಡಿತು. ಅವನು ಎಳೆದುಕೊಂಡ. ಮತ್ತೆ ತೆರೆದುಕೊಂಡಿತು. ಹೊರಗೆ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಕೇಳಿಸಿತು. ಬಟ್ಟೆ ಹಾಕಿಕೊಂಡೇ ಮುಚ್ಚಿದ ಕಮೋಡಿನ ಮೇಲೆ ಕೂತಿದ್ದರೂ ಅವನು ಗಡಬಡಿಸಿ ಬಾಗಿಲಿಗೆ ಕೈ ಚಾಚಿದ.

“ಹೆಜ್ಜೆ ಕೇಳಿಸ್ತಲ್ಲ, ಈಗ ಹಾಡ್ರಿ,” ಎಂದಳು. “ನಿಮ್ಮಮ್ಮ ನಾಲ್ಕು ತಿಂಗಳು ಹಾಡಿದ್ರು. ನಿಮ್ಮನ್ನ ಮಲಗಿಸಿದ ಹಾಡನ್ನೇ ಹಾಡಿದ್ರು. ನಾನು ಬಾಯಿ ಮುಚ್ಚಿಸಿದೆ. ಆಮೇಲೆ ಅವರು ನೀರು ಕುಡಿಯೋದನ್ನೇ ಬಿಟ್ರು. ಈಗ ಜ್ವರ ಬಂದು ಕೆಳಗಡೆ ಮಲಗಿದ್ದಾರೆ.”

ಅವನ ಮುಖ ಬಿಳುಚಿಕೊಂಡಿತು. ಅವನು ತೊದಲಿದ. “ಅಮ್ಮ ಒಂದು ಮಾತು ಹೇಳಬಹುದಿತ್ತಲ್ಲ.”

ಆ ಮಾತಿಗೆ ಅವಳ ಪಿತ್ತ ನೆತ್ತಿಗೇರಿತು. ಯಾರಿಗೆ ಹೇಳಬೇಕಿತ್ತು ಎಂದು ಕೇಳಿದಳು. ದೀಪ ಮಾಡುವ ನಿಮಗೋ, ಮನೆ ಬಿಟ್ಟು ಹೋಗುತ್ತೇನೆಂದು ಹೆದರಿಸಿದ ನನಗೋ? ಬಾಗಿಲ ಹೊರಗೆ ಮೂರು ಅಡಿ ದೂರದಲ್ಲಿ ಕೂತು ಊರಿಗೆಲ್ಲ ಮನೆ ಸರಿಮಾಡುವುದನ್ನು ಹೇಳಿಕೊಡುತ್ತಿದ್ದಿರಿ, ಆ ಬಾಗಿಲು ಒಂದು ದಿನವಾದರೂ ಕಣ್ಣಿಗೆ ಬೀಳಲಿಲ್ಲವೇ? ಅವನು ತಲೆ ತಗ್ಗಿಸಿದ.

ಕಿಟಕಿಯ ಕಟ್ಟೆಯಿಂದ ಕೊಂಡಿ ಮತ್ತು ಸ್ಕ್ರೂಗಳನ್ನು ತಂದಳು. ಬಸ್ಸಿನ ಸೀಟು ಅಲುಗಾಡಿದಾಗ ಡಿಪೋದ ಮೆಕ್ಯಾನಿಕ್ ಏನು ಮಾಡುತ್ತಾನೆಂದು ಅವಳು ನೂರು ಸಲ ನೋಡಿದ್ದಳು. ಬೆಂಕಿಕಡ್ಡಿಗಳ ಮದ್ದು ಮುರಿದು ಹಾಕಿದಳು, ಬರೀ ಕಡ್ಡಿಗೆ ಗೋಂದು ಸವರಿ, ಸವೆದ ತೂತಿನೊಳಗೆ ಮೂರು ಮೂರು ತುರುಕಿದಳು, ಹೊರಗೆ ಉಳಿದ ತುದಿ ಕತ್ತರಿಸಿದಳು. ಕೊಂಡಿ ಇಟ್ಟು ಸ್ಕ್ರೂ ತಿರುಗಿಸಿದಳು. ಕಡ್ಡಿಗಳನ್ನು ಕಚ್ಚಿಕೊಂಡು ಸ್ಕ್ರೂ ಬಿಗಿಯಾಗಿ ಕೂತಿತು. ಗಂಡ ಬಗ್ಗಿ ನೋಡಿದ. ಪಾಪಿಗೆ ಅಭ್ಯಾಸ, ಕೈ ಫೋನಿನ ಕಡೆ ಹೋಯಿತು. “ಇದು ಚೆನ್ನಾಗಿದೆ ಕಣೇ. ಇನ್ನೊಂದು ಸಲ ಮೊದಲಿನಿಂದ...” ಎಂದವನು ಅವಳ ಕಣ್ಣು ನೋಡಿ ಅಲ್ಲಿಗೇ ನಿಲ್ಲಿಸಿದ. ಅವಳ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

“ಹೋಗಿ ನಿಮ್ಮಮ್ಮನ್ನ ಕರ್ಕೊಂಡು ಬನ್ನಿ,” ಎಂದಳು.

ಗೋಂದು ಒಣಗುವಷ್ಟು ಹೊತ್ತು ಬಿಟ್ಟು, ಅವನೂ ನರ್ಸಮ್ಮನೂ ಎರಡು ಕಡೆ ಹಿಡಿದುಕೊಂಡು ಅತ್ತೆಯನ್ನು ಮೇಲೆ ತಂದರು. ಕಂಡಕ್ಟರಮ್ಮ ದೊಡ್ಡ ಲೋಟದ ತುಂಬ ನೀರು ಕೊಟ್ಟಳು. ಅತ್ತೆ ಲೋಟ ನೋಡಿದರು, ಬಚ್ಚಲಿನ ಬಾಗಿಲು ನೋಡಿದರು. ಸೊಸೆ ತಾನೇ ಹೋಗಿ ಚಿಲಕ ಹಾಕಿ, ತೆಗೆದು ತೋರಿಸಿದಳು. ಆಗ ಅತ್ತೆ ಲೋಟ ಎತ್ತಿ ಒಂದೇ ಉಸಿರಿಗೆ ಕುಡಿದು, ಇನ್ನೊಂದು ಲೋಟ ಕೇಳಿ ಅದನ್ನೂ ಕುಡಿದರು. ತುಟಿಯಂಚಿನಿಂದ ಇಳಿದ ನೀರು ಸೆರಗಿನ ಮೇಲೂ ಚೆಲ್ಲಿತು.

ಸ್ವಲ್ಪ ಹೊತ್ತಿಗೆ ಅವರು ಗೋಡೆ ಹಿಡಿದುಕೊಂಡು ಎದ್ದರು. ಯಾರ ಆಸರೆಯೂ ಬೇಡ ಎಂದರು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಚಿಲಕ ಬಿದ್ದ ಸದ್ದಾಯಿತು. ಮತ್ತೆ ತೆಗೆದ ಸದ್ದು. ಮತ್ತೆ ಹಾಕಿದ ಸದ್ದು. ಒಳಗಿನಿಂದ ಬಾಗಿಲನ್ನು ಜಗ್ಗಿ ನೋಡಿದರು. ಬಾಗಿಲು ಕದಲಲಿಲ್ಲ.

ಮಗ ಹಾಲಿನಲ್ಲಿ ಕಿವಿಗೊಟ್ಟು ನಿಂತಿದ್ದ. ಅಮ್ಮ ಯಾಕೆ ಹಾಡುತ್ತಿಲ್ಲ ಎಂದು ಮೆಲ್ಲಗೆ ಕೇಳಿದ. ಹೆಂಡತಿ ಯೂನಿಫಾರ್ಮಿನ ತೋಳಿನಿಂದ ಕಣ್ಣೊರೆಸಿಕೊಂಡಳು. ಒಳಗೆ ನೀರಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.