ಮೊದಲ ಪಾಲು

ಹರಿಯಬ್ಬೆ ಊರು ದಾಟಿ ಎರಡು ಹರದಾರಿ ನಡೆದರೆ ಸರ್ಕಾರದ ಹುಲ್ಲುಗಾವಲು. ಅಲ್ಲಿ ಮನೆಯಿಲ್ಲ, ಮರವೂ ಅಷ್ಟಕ್ಕಷ್ಟೆ. ಆ ಬಯಲಿನ ನಡುವೆ ಎದೆಮಟ್ಟದ ಒಂದು ವೀರಗಲ್ಲು ಯಾವ ಕಾಲದಿಂದಲೋ ಒಬ್ಬಂಟಿಯಾಗಿ ನಿಂತಿತ್ತು. ಎಪ್ಪತ್ನಾಲ್ಕನೇ ಇಸವಿಯ ಮಾಘದ ಒಂದು ಬೆಳಿಗ್ಗೆ ಆ ಕಲ್ಲಿಗೆ ಉಳಿದಿದ್ದ ಆಯುಷ್ಯ ಮಧ್ಯಾಹ್ನದವರೆಗೆ ಮಾತ್ರ.

ಪಕ್ಕದ ಕೆರೆಗೆ ತೂಬು ಕಟ್ಟುತ್ತಿದ್ದ ಮೇಸ್ತ್ರಿ ಪಾಪಣ್ಣನಿಗೆ ಉದ್ದನೆಯ ಚಪ್ಪಡಿ ಬೇಕಿತ್ತು. ಅಕ್ಷರವಿದ್ದ ಕಲ್ಲನ್ನು ಮುಟ್ಟಬಾರದು, ಇಲ್ಲದ್ದನ್ನು ಒಯ್ಯಬಹುದು ಎಂದು ಮೇಲಿನಿಂದ ಹೇಳಿಕೆಯಾಗಿತ್ತು. ನೋಡಿ ಬರೆದುಕೊಡಬೇಕಾದವರು ಶಾಸನ ಇಲಾಖೆಯ ಗೋವಿಂದಪ್ಪನವರು. ಅವರ ಕೈಕೆಳಗೆ ಮೂರು ತಿಂಗಳ ತರಬೇತಿಗೆ ಬಂದವಳು ರೆಹಾನಾ, ದುರ್ಗದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಉಸ್ಮಾನ್ ಸಾಬರ ಮಗಳು. ಬಿ.ಎ. ಮುಗಿಸಿದ್ದಳು. ಪುಸ್ತಕದಲ್ಲಿ ಓದಿದ್ದ ವೀರಗಲ್ಲನ್ನು ಕೈಯಿಂದ ಮುಟ್ಟಿದ್ದು ಇದೇ ಮೊದಲು.

ಬಿಂದಿಗೆ ನೀರು ಸುರಿದು ಇಬ್ಬರೂ ಕಲ್ಲನ್ನು ತೊಳೆದರು. ಕೆಳಗೆ ಬಿಲ್ಲು ಹಿಡಿದ ವೀರ, ಅವನ ಹಿಂದೆ ದನಗಳ ಸಾಲು. ಮೇಲೆ ಅವನನ್ನು ಎತ್ತಿಕೊಂಡು ಹೋಗುವ ಇಬ್ಬರು ಅಪ್ಸರೆಯರು. ನಡುವಿನ ಪಟ್ಟಿಯಲ್ಲಿ ಅಕ್ಷರ ಇರಬೇಕಿತ್ತು. ಗೋವಿಂದಪ್ಪ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು, ಕಣ್ಣು ಮುಚ್ಚಿ ಬೆರಳಾಡಿಸಿದರು. ಇದ್ದಿರಬಹುದು, ಈಗ ಎಲ್ಲ ಸವೆದಿದೆ ಎಂದರು. ರೆಹಾನಾಳ ಮುಖ ಕಂಡು, ತೆಗೆದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿ, ಬರೆಯುವುದು ಬುತ್ತಿ ಉಂಡ ಮೇಲಾಗಲಿ ಎಂದರು. ಅವರಿಗೆ ಹಸಿವಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬುತ್ತಿಯ ಗಂಟು ಬಿಚ್ಚುವಷ್ಟರಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ಸೆರಗು ಮುಚ್ಚಿದ ಚೊಂಬು ಹಿಡಿದು ಬಂದಳು. ಹೆಸರು ಜುಂಜಮ್ಮ. ಬೆಳಗಿನ ಜಾವ ಅವಳ ಕುರಿ ಈದಿತ್ತು. ಈದ ಕುರಿಯ ಮೊದಲ ಹಾಲನ್ನು ಈ ಕಲ್ಲಿಗೆ ಎರೆಯದೆ ಅವರ ಹಟ್ಟಿಯಲ್ಲಿ ಯಾರೂ ಗಿಣ್ಣು ಕಾಯಿಸುವುದಿಲ್ಲವಂತೆ. ತೊಳೆದ ಕಲ್ಲು ಕೆಡುತ್ತದೆಂದು ಗೋವಿಂದಪ್ಪ ಬಾಯಿ ತೆರೆದವರು, ಇನ್ನು ಕೆಡಲು ಏನಿದೆ ಎಂದುಕೊಂಡು ಸುಮ್ಮನಾದರು.

ಜುಂಜಮ್ಮನ ಕೈ ನಡುಗುತ್ತಿತ್ತು. ಚೊಂಬನ್ನು ರೆಹಾನಾಳ ಕಡೆ ಚಾಚಿದಳು.

“ನೀನೇ ಎರಿಯವ್ವ. ನನ್ ಕೈಲಿ ಅರ್ಧ ನೆಲಕ್ಕೇ ಹೋಗ್ತೈತೆ.”

“ಅಜ್ಜಿ, ನಾನು ಸಾಬರ ಹುಡುಗಿ.”

“ಅವ್ನು ಹಸ್ದವ್ನೆ. ಯಾರ ಕೈ ಅಂತ ನೋಡಾಕೆ ಕಣ್ಣೆಲ್ಲಿ ಉಳುದಾವೆ, ನೋಡು.”

ನಿಜ, ವೀರನ ಕಣ್ಣು ಮೂಗು ಎಂದೋ ಸವೆದಿದ್ದವು. ರೆಹಾನಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಎರೆದಳು.

ಗಿಣ್ಣು ಹಾಲು ಮಂದ, ನಸುಹಳದಿ. ಕರಿಕಲ್ಲಿನ ಮೇಲೆ ನಿಧಾನವಾಗಿ ಇಳಿಯಿತು. ಇಳಿದದ್ದು ಇಳಿಯಿತು, ಪಟ್ಟಿಯ ಮೇಲೆ ಮಾತ್ರ ಅಲ್ಲಲ್ಲಿ ನಿಂತಿತು. ಒಂದು ಕೊಂಬು, ಒಂದು ಸುಳಿ, ಒಂದು ತಲೆಕಟ್ಟು. ಬೆರಳಿಗೆ ಸಿಗದ ತಗ್ಗುಗಳನ್ನೆಲ್ಲ ಹಾಲು ಹುಡುಕಿ ತುಂಬಿಕೊಂಡಿತ್ತು. ನೋಡನೋಡುತ್ತ ಮೂರು ಸಾಲು ಅಕ್ಷರ ಬೆಳ್ಳಗೆ ಎದ್ದು ಬಂದವು. ರೆಹಾನಾ ಗೋವಿಂದಪ್ಪನವರ ತೋಳು ಹಿಡಿದು ಎಳೆದಳು. ಅವರು ಮಂಡಿಯೂರಿದರು.

ಇಬ್ಬರೂ ಕೂಡಿಸಿಕೊಂಡು ಓದಿದರು. ಮೊದಲ ಸಾಲಿನಲ್ಲಿ ‘ತುರು’ ಎಂದಿತ್ತು, ತುರು ಎಂದರೆ ದನ. ದನಗಳನ್ನು ಕಳ್ಳರಿಂದ ಬಿಡಿಸಿ ತಂದು ಇವನು ಸತ್ತ. ಕೊನೆಯ ಸಾಲು ಚೊಕ್ಕವಾಗಿತ್ತು: ‘ಈ ಕಲ್ಲಿಂಗೆ ಮೊದಲ ಪಾಲ್.’ ಬೆಳೆಯಲ್ಲಿ ಮೊದಲ ಭಾಗವನ್ನು ಈ ಕಲ್ಲಿಗೆ ಕೊಡಬೇಕೆಂದು ಗೋವಿಂದಪ್ಪ ಅರ್ಥ ಹೇಳಿದರು.

ಜುಂಜಮ್ಮ ನಕ್ಕಳು. “ಬೆಳೇನಾ ಬುದ್ಧಿ? ಈ ಬಂಡೆ ನೆಲದ ಮ್ಯಾಲೆ ಯಾವ ಪುಣ್ಯಾತ್ಮ ಬೆಳೆದಾನು? ನಮ್ಮತ್ತೆ, ಅವ್ರತ್ತೆ, ಎಲ್ರೂ ಎರೆದಿದ್ದು ಹಾಲೇಯ.”

ರೆಹಾನಾ ಕಲ್ಲನ್ನೂ ಕೈಲಿದ್ದ ಚೊಂಬನ್ನೂ ನೋಡಿದಳು. ಹಳೆಯ ಪೂ ಈಗ ಹೂ. ಹಳೆಯ ಪಲ್ ಈಗ ಹಲ್ಲು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದು.

“ಸಾರ್,” ಎಂದಳು ಮೆಲ್ಲಗೆ, “ಇದು ಭಾಗ ಅಲ್ಲ. ಪಾಲ್ ಅಂದ್ರೆ ಹಾಲು.”

ಗೋವಿಂದಪ್ಪ ಆ ಸಾಲನ್ನು ಮತ್ತೊಮ್ಮೆ ಓದಿ, ಹೌದು, ಹಾಲೇ ಎಂದರು. ಸಾವಿರ ವರ್ಷದ ಹಿಂದೆ ಯಾರೋ ಕೇಳಿಕೊಂಡದ್ದು. ಬರೆದವನು ಹೋದ, ಅಕ್ಷರ ಸವೆಯಿತು, ದುರ್ಗದ ಪಾಳೆಯಗಾರರು ಬಂದು ಹೋದರು. ಓದು ಬಾರದ ಈ ಹಟ್ಟಿಯ ಹೆಂಗಸರು ಮಾತ್ರ ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಆ ಮಾತನ್ನು ಇಲ್ಲಿಯವರೆಗೆ ದಾಟಿಸಿದ್ದರು. ರೆಹಾನಾ ಅದನ್ನೆಲ್ಲ ಬಿಡಿಸಿ ಹೇಳಿದಾಗ ಜುಂಜಮ್ಮ, “ಇಷ್ಟೇನಾ? ನಂಗೊತ್ತಿತ್ತಲ್ಲವ್ವಾ,” ಎಂದಳು.

ಅಷ್ಟರಲ್ಲಿ ಪಾಪಣ್ಣನ ಗಾಡಿ ಬಂತು. ಹಗ್ಗ ಹೆಗಲಿಗೇರಿಸಿಕೊಂಡು ಇಳಿದವನು ಬೆಳ್ಳನೆಯ ಅಕ್ಷರಗಳನ್ನು ಕಂಡು ಅಲ್ಲೇ ನಿಂತ. ಸ್ವಲ್ಪ ಹೊತ್ತಿಗೆ ಎಕ್ಕಡ ಬಿಟ್ಟ. ಬೇರೆ ಕಲ್ಲು ನೋಡುತ್ತೇನೆಂದು ಹೇಳಿ, ಹೋಗದೆ ಇವರಿಗಾಗಿ ಕೆರೆಯಿಂದ ಇನ್ನೆರಡು ಬಿಂದಿಗೆ ನೀರು ತಂದುಕೊಟ್ಟ.

ನೀರು ಬೇಕೇ ಇತ್ತು. ಅಕ್ಷರಕ್ಕೆ ಸಾಕ್ಷಿಯಾಗಿ ಕಲ್ಲಿನ ಪಡಿಯಚ್ಚು ಕಚೇರಿಗೆ ಹೋಗಬೇಕು. ಅದಕ್ಕೆ ಕಲ್ಲು ಶುಭ್ರವಾಗಿರಬೇಕು, ಎರೆದ ಹಾಲನ್ನು ತೊಳೆಯಬೇಕು. ರೆಹಾನಾ ಬಿಂದಿಗೆ ಎತ್ತಿದವಳು ಮುದುಕಿಯ ಮುಖ ನೋಡುತ್ತ ನಿಂತಳು.

“ತೊಳೀಯವ್ವ,” ಎಂದಳು ಜುಂಜಮ್ಮ. “ಅವ್ನು ಕುಡುದಾತು.”

ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಆ ಸಣ್ಣ ತಗ್ಗುಗಳಿಗೆ ಇಳಿಸಿದರು. ಎಲ್ಲೆಲ್ಲಿ ಒತ್ತಬೇಕೆಂದು ಈಗ ಗೊತ್ತಿತ್ತು. ಕಾಗದ ಆರುತ್ತ ಬಂದಂತೆ ಮೇಲೆ ಶಾಯಿ ಒತ್ತಿದರು. ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಉಳಿಯಿತು. ಗೋವಿಂದಪ್ಪ ಪೆನ್ನನ್ನು ರೆಹಾನಾಳ ಕೈಗೆ ಕೊಟ್ಟು, ನೀನೇ ಬರಿ ಎಂದರು. ‘ಅಕ್ಷರವಿದೆ’ ಎಂದು ಬರೆದಳು.

ಜುಂಜಮ್ಮ ಕಾಗದವನ್ನು ಮುಟ್ಟದೆ ಬಗ್ಗಿ ನೋಡಿದಳು. ಅವನ ಹೆಸರೇನಂತೆ ಎಂದು ಕೇಳಿದಳು. ಹೆಸರಿದ್ದಲ್ಲಿ ಕಲ್ಲು ಚಕ್ಕೆಯೆದ್ದಿತ್ತು. ರೆಹಾನಾ ತಪ್ಪು ತನ್ನದೇ ಎಂಬಂತೆ ತಲೆತಗ್ಗಿಸಿ ಹಾಗೆಂದು ಹೇಳಿದಳು.

“ಇರ್ಲಿ ಬಿಡು. ಹೆಸ್ರು ಕೇಳ್ದೇನೇ ಇಷ್ಟ್ ದಿನ ಸಾಕಿದೀವಿ,” ಎಂದು ಜುಂಜಮ್ಮ ಖಾಲಿ ಚೊಂಬನ್ನು ತೆಗೆದುಕೊಂಡು ಕುರಿಗಳ ಕಡೆಗೆ ನಡೆದಳು.